ಅಡಿವೆಪ್ಪ ತನ್ನಂತೆ ತಾನಾದದ್ದು

ಹೂಂ ಅನ್ನುವವರಿದ್ದರೆ ಹೇಳುತ್ತೇನೆ. ಇಲ್ಲದಿದ್ದರೆ ಕತೆ ನನ್ನ ಬಾಯಲ್ಲೇ ಇರಲಿ, ಅದಕ್ಕೇನು ಹಸಿವೆಯೇ ನೀರಡಿಕೆಯೇ. ಹೂಂ ಅಂದಿರಾ? ಹಾಗಾದರೆ ಕೇಳಿ. ನಡುವೆ ಮಾತ್ರ ಬಿಡಬೇಡಿ. ನಿಲ್ಲಿಸುವ ಹೊತ್ತು ಬಂದಾಗ ನಾನೇ ನಿಲ್ಲಿಸಿ ಅನ್ನುತ್ತೇನೆ.

ಒಂದೂರಲ್ಲಿ ತುಳಜವ್ವ ಅಂತ ಗೊಂಬೆ ಕೆತ್ತುವವಳೊಬ್ಬಳಿದ್ದಳು. ಗಂಡ ಸತ್ತ ಮೇಲೆ ಅವನ ಉಳಿ, ಕೊಡತಿ ಕೈಗೆತ್ತಿಕೊಂಡ ಗಟ್ಟಿಗಿತ್ತಿ. ಅವಳಿಗೊಬ್ಬನೇ ಮಗ, ಅಡಿವೆಪ್ಪ. ಬಾಗಿಲು ತುಂಬುವ ಎತ್ತರ, ಎತ್ತಿನಂಥ ಮೈ. ಅವ್ವ ಹೇಳಿದ್ದನ್ನು ಒಂದಕ್ಷರ ದಾಟುವವನಲ್ಲ. ಒಳ್ಳೆಯ ಮಗ ಅಂತೀರಾ? ಅಯ್ಯೋ, ಒಂದಕ್ಷರ ದಾಟದಿರುವುದೇ ಅವನ ರೋಗ! "ಬಾಗಿಲ ನೋಡಕೋತ ಕೂಡು" ಅಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ನಾಯಿ ಅವನ ಕಾಲು ದಾಟಿ ಒಳಗೆ ಹೋಗಿ, ರೊಟ್ಟಿ ತಿಂದು, ಮತ್ತೆ ಅವನ ಕಾಲು ದಾಟಿಯೇ ಹೊರಗೆ ಬರುತ್ತಿತ್ತು.

"ನಾಯಿ ಬಂದ್ರ ಸುಮ್ಮನ ಕುಂತಿದ್ಯೇನೋ?"

"ಬಾಗಿಲ ನೋಡು ಅಂದಿ. ನಾಯಿ ನೋಡು ಅನ್ನಲಿಲ್ಲ. ನೀ ಹೇಳಿದಂಗ ಮಾಡೀನವ್ವಾ, ತಪ್ಪೇನು?"

"ಹೇಳಿದ್ದಷ್ಟ ಮಾಡ್ತೀಯಲ್ಲೋ, ಅದ ನನ್ನ ಹಣೇಬರಹ! ನಾ ಸತ್ತರ ನಿನ್ನ ಗತಿ ಏನೋ?"

"ನೀ ಸಾಯಬ್ಯಾಡವ್ವಾ" ಅನ್ನುತ್ತಿದ್ದ ಅಡಿವೆಪ್ಪ. ದಿನಕ್ಕೆ ಎಷ್ಟು ಸಲ ಕೇಳಿದರೂ ಅದೇ ಉತ್ತರ. ತುಳಜವ್ವನ ಸಿಟ್ಟು ಅಲ್ಲಿಗೆ ಇಳಿದುಹೋಗುತ್ತಿತ್ತು.

ಆ ಊರಿನ ಪದ್ಧತಿಯೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಯಾರ ಜೀವವೂ ಅವರ ಮೈಯೊಳಗೆ ಇರುತ್ತಿರಲಿಲ್ಲ. ಜೀವ ಅಂದರೆ ಒಂದು ದುಂಬಿ. ದುಂಬಿ ಇರುವುದು ಕುಡಿಕೆಯಲ್ಲಿ. ಕುಡಿಕೆ ಇರುವುದು ತುಳಜವ್ವನ ಅಟ್ಟದ ಮೇಲೆ. ಕೂಸು ಹುಟ್ಟಿದ ದಿನ ಒಂದು ಕೆಂಪು ದಾರವನ್ನು ಎರಡು ತುಂಡು ಮಾಡಿ, ಒಂದನ್ನು ಕೂಸಿನ ಸೊಂಟಕ್ಕೆ, ಇನ್ನೊಂದನ್ನು ಕುಡಿಕೆಯ ಕೊರಳಿಗೆ ಕಟ್ಟುತ್ತಿದ್ದರು. ಮನೆಮನೆಯ ಬಾಗಿಲಲ್ಲಿ ನಿಲ್ಲುವ ಕಾವಲು ಗೊಂಬೆಗಳಿಗೂ ಹಾಗೆಯೇ. ಅಟ್ಟದ ಮೇಲೆ ದುಂಬಿ ಗುಂಯ್ ಅಂದರೆ ಅಲ್ಲಿ ಬಾಗಿಲಲ್ಲಿ ಗೊಂಬೆ ಗುಂಯ್ ಅನ್ನುತ್ತಿತ್ತು. ಗೊಂಬೆ ಬೇಡವಾದರೆ ಕುಡಿಕೆಯ ಬಾಯಿ ಬಿಚ್ಚಿ ದುಂಬಿಯನ್ನು ಹಾರಿಬಿಡುವುದು, ಕಟ್ಟಿಗೆಯನ್ನು ಒಲೆಗೆ ಹಾಕುವುದು.

ದೀಪ ಹಚ್ಚುವ ಹೊತ್ತಿಗೆ ಆ ಅಟ್ಟದ ಕೆಳಗೆ ನಿಂತರೆ ಊರಿಗೆ ಊರೇ ತಲೆಯ ಮೇಲೆ ಗುಂಯ್‌ಗುಡುತ್ತಿತ್ತು. ಹೊಸಬರ ಮೈಯೆಲ್ಲ ಮುಳ್ಳಾಗುತ್ತಿತ್ತು. ತುಳಜವ್ವನಿಗೆ ಅದರಲ್ಲಿ ಒಂದೊಂದು ದನಿಯೂ ಗುರುತು. ಮಗನ ದುಂಬಿಯಂತೂ ನಡುನಡುವೆ ಮರೆತು ನಿಲ್ಲುತ್ತಿತ್ತು, ಆಮೇಲೆ ನೆನಪಾದಂತೆ ಮತ್ತೆ ಗುಂಯ್ ಅನ್ನುತ್ತಿತ್ತು. ಅದು ನಿಂತಾಗಲೆಲ್ಲ ಅವಳು ಉಸಿರು ಹಿಡಿಯುತ್ತಿದ್ದಳು, ಅದು ಶುರುವಾದ ಮೇಲೆ ಬಿಡುತ್ತಿದ್ದಳು.

ಹೀಗಿರುವಾಗ ದುಂಡಪ್ಪ ಸಾವಕಾರನ ಮನೆ ಪಾಲಾಯಿತು. ತಮ್ಮ ಬೇರೆ ಮನೆ ಮಾಡಿದ. ತಮ್ಮನ ಹೆಂಡತಿ ಶಿವಕ್ಕ ತುಳಜವ್ವನ ಬಾಗಿಲಿಗೆ ಬಂದಳು.

"ಎಕ್ಕಾ, ನಮ್ಮ ಭಾವಾರ ಬಾಗಿಲಾಗ ಐತಲ್ಲ ಗೊಂಬಿ, ಅಂಥಾದ್ದ ನಮಗೂ ಬೇಕು ನೋಡು. ಥೇಟ್ ಅಂಥಾದ್ದು!"

ತುಳಜವ್ವ ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಳು. ಕಂಬಳಿಯೊಳಗಿಂದಲೇ ಹೇಳಿದಳು: "ಅಡಿವೆಪ್ಪಾ, ಅದು ಇದ್ದಂಗ ಇದನ್ನ ಮಾಡು. ಒಂದ ಎಳಿ ಹೆಚ್ಚಾಗಬಾರದು, ಒಂದ ಎಳಿ ಕಮ್ಮಿ ಆಗಬಾರದು."

ಅಡಿವೆಪ್ಪ ಮಾಡಿದ. ಹಾಲವಾಣದ ಮರ ತಂದ, ಕೆತ್ತಿದ, ಬಣ್ಣ ಹಚ್ಚಿದ. ಕೈಯಲ್ಲಿ ಮಾತ್ರ ಅವನಷ್ಟು ಹದ ಯಾರಿಗೂ ಇರಲಿಲ್ಲ. ಅದರ ಮೂಗಿನಂತೆ ಇದರ ಮೂಗು. ಅದರ ಮೀಸೆಯಂತೆ ಇದರ ಮೀಸೆ. ಅದರ ಸೊಂಟದಲ್ಲಿ ಕೆಂಪು ದಾರ, ಇದರ ಸೊಂಟದಲ್ಲೂ ಕೆಂಪು ದಾರ. ಅದರ ದಾರ ಯಾವ ಕುಡಿಕೆಗೆ ಕಟ್ಟಿತ್ತೋ ಇದರ ದಾರವೂ ಅದೇ ಕುಡಿಕೆಗೆ! ಗೊಂಬೆ ಎರಡು, ದುಂಬಿ ಒಂದು.

ಶಿವಕ್ಕ ತನ್ನ ಗೊಂಬೆಯ ತುಟಿಗೆ ಬೆಲ್ಲ ಹಚ್ಚಿದರೆ ದುಂಡಪ್ಪನ ಗೊಂಬೆಯ ತುಟಿ ಚಪ್ಪರಿಸಿತು. ಶಿವಕ್ಕ ಕೂಸಿಗೆ ಜೋಗುಳ ಹಾಡಿದರೆ ಅವಳ ಗೊಂಬೆಗೆ ನಿದ್ದೆ ಬಂತು, ಆಚೆ ಓಣಿಯಲ್ಲಿ ದುಂಡಪ್ಪನ ಗೊಂಬೆಗೂ ನಿದ್ದೆ ಬಂತು. ಹಾಡಹಗಲೇ ಕಳ್ಳರು ಅದರ ಮುಂದೆಯೇ ಹಾಯ್ದು ಹಿತ್ತಾಳೆ ಹಂಡೆ ಹೊತ್ತುಕೊಂಡು ಹೋದರು. ದುಂಡಪ್ಪ ತನ್ನ ಗೊಂಬೆಯ ಮುಖಕ್ಕೆ ರಪ್ಪನೆ ಬಾರಿಸಿದ. ಇಲ್ಲಿ ಶಿವಕ್ಕನ ಗೊಂಬೆ ಬಾಯಿ ತೆರೆದು ಹೋ ಎಂದು ಅತ್ತಿತು. ಮರದ ಗೊಂಬೆ ಅತ್ತದ್ದನ್ನು ಆ ಊರು ಅಲ್ಲಿಯವರೆಗೆ ಕೇಳಿರಲಿಲ್ಲ.

"ಒಲ್ಲೆವಾ ನಿನ್ನ ಗೊಂಬಿ!" ಅಂತ ಶಿವಕ್ಕ ಓಡಿ ಬಂದು ಕುಡಿಕೆ ಬಿಚ್ಚಿಸಿದಳು. ದುಂಬಿ ಹಾರಿಹೋಯಿತು. ಅವಳು ಗೊಂಬೆಯನ್ನು ಒಲೆಗೆ ಹಾಕಿದಳು.

ಸಂಜೆಗೆ ದುಂಡಪ್ಪನ ಗೊಂಬೆ ಬರೀ ಕಟ್ಟಿಗೆಯಾಗಿ ನಿಂತಿತ್ತು. ಅವನೂ ಉರಿದುಕೊಂಡು ಬಂದ. "ಏ ಅಡಿವ್ಯಾ, ನನಗೂ ಬ್ಯಾಡ. ಕುಡಿಕಿ ಇಳಿಸು!"

ಅಡಿವೆಪ್ಪ ಇಳಿಸಿದ. ಒಮ್ಮೆ ಬಿಚ್ಚಿದ್ದು, ಒಳಗೆ ಏನೂ ಇಲ್ಲ ಅನ್ನಬೇಕಲ್ಲ? ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ದುಂಡಪ್ಪ ಕುಡಿಕೆಯ ಬಾಯಿ ಬಿಚ್ಚಿ, ಒಳಗೆ ಬಗ್ಗಿ ನೋಡಿ, "ಎಲ್ಲೈತೋ ದುಂಬಿ?" ಅಂದ. ಅದೇ ಕಡೆಯ ಮಾತು. ಬರಿದಾದ ಕುಡಿಕೆಯನ್ನು ಎರಡನೆಯ ಸಲ ಬರಿದು ಮಾಡಬಾರದು. ಮಾಡಿದರೆ ಅದು ಕೈಗೆ ಸಿಕ್ಕಿದ್ದನ್ನು ತಗೊಳ್ಳುತ್ತದೆ. ಅದಕ್ಕೆ ದುಂಡಪ್ಪನ ದನಿ ಸಿಕ್ಕಿತು. ಅವನ ಬಾಯಿ ಆಡುತ್ತಿತ್ತು, ಮಾತು ಮಾತ್ರ ಕುಡಿಕೆಯ ತಳದಿಂದ ಬರುತ್ತಿತ್ತು. ಅಡಿವೆಪ್ಪ ಅಚ್ಚುಕಟ್ಟಾಗಿ ಬಾಯಿಗೆ ಬಟ್ಟೆ ಬಿಗಿದು ಅದನ್ನು ಅಟ್ಟಕ್ಕೇರಿಸಿದ. ಅಂದಿನಿಂದ ದುಂಡಪ್ಪ ಸಂಜೆಯಾದರೆ ಬಂದು ಅಟ್ಟದ ಕೆಳಗೆ ಮೂಕನಂತೆ ಕೂರುತ್ತಿದ್ದ. ಮೇಲೆ ಕುಡಿಕೆಯೊಳಗೆ ಅವನು ಕೆಮ್ಮುವುದು, ಹೆಂಡತಿಯನ್ನು ಕೂಗುವುದು ಕೇಳಿಸುತ್ತಿತ್ತು.

ಜ್ವರ ಬಿಟ್ಟು ಎದ್ದ ತುಳಜವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯ ದಡ್ಡಾ! ಏನ್ ಮಾಡಿದ್ಯೋ!"

"ನೀ ಹೇಳಿದಂಗ ಮಾಡೀನವ್ವಾ, ತಪ್ಪೇನು?"

"ಗೊಂಬಿ ಎರಡಾದ್ರ ದುಂಬಿನೂ ಎರಡಾಗಬೇಕೋ! ದಾರ ಹಿಡಕೊಂಡು ಹೋಗು. ದಾರದ ತುದಿಗೆ ಏನೈತಿ, ಅದನ್ನೂ ಹೊಸದಾಗಿ ಮಾಡು. ಹಳೇದಕ್ಕ ಗಂಟು ಹಾಕಬ್ಯಾಡ. ಹಳೇ ದುಂಬಿ ಹಾಡೋದನ್ನ ಕಿವಿಗೊಟ್ಟು ಕೇಳು, ಅದನ್ನ ಹೊಸಾ ದುಂಬಿಗೆ ಕಲಿಸು. ತಿಳೀತೇನು?"

"ತಿಳೀತು. ದಾರ ಹಿಡಕೊಂಡು ಹೋಗೋದು. ತುದಿಗೆ ಇದ್ದದ್ದೆಲ್ಲಾ ಹೊಸದು ಮಾಡೋದು."

ತುಳಜವ್ವನ ಎದೆ ಸ್ವಲ್ಪ ತಣ್ಣಗಾಯಿತು. ಮರ ತರಲು ಅವಳು ತವರೂರಿಗೆ ಹೋದಳು. ಹೋಗಬಾರದಿತ್ತು.

ಊರಲ್ಲಿ ಪಾರವ್ವಜ್ಜಿ ಅಂತ ಒಬ್ಬ ಮುದುಕಿ. ಅವಳ ದೊಡ್ಡ ಮೊಮ್ಮಗಳ ಹತ್ತಿರ ಅಂಗೈಯಷ್ಟು ಗೊಂಬೆಯೊಂದಿತ್ತು. ಅದರ ದಾರವನ್ನು ಬೇಕೆಂದೇ ಅಜ್ಜಿಯ ಕುಡಿಕೆಗೆ ಕಟ್ಟಿದ್ದರು. ಗೊಂಬೆ ಅಜ್ಜಿಯ ದನಿಯಲ್ಲಿ ಗುಂಯ್ ಅಂದರೆ ಮಗು ಮಲಗುತ್ತಿತ್ತು. ಈಗ ಸಣ್ಣ ಮೊಮ್ಮಗಳಿಗೂ ಅಂಥದ್ದೇ ಬೇಕಾಯಿತು. ಇಲ್ಲಿ ಅದೇ ಕುಡಿಕೆಗೆ ಇನ್ನೊಂದು ಎಳೆ ಕಟ್ಟಿದ್ದರೆ ಸಾಕಿತ್ತು. ಆದರೆ ಅಡಿವೆಪ್ಪನಿಗೆ ಅವ್ವ ಹೇಳಿದ್ದು ಅದಲ್ಲವಲ್ಲ!

ಅವನು ಗೊಂಬೆ ಮಾಡಿದ. ದಾರ ಹಿಡಿದು ಹೋದ. ದಾರದ ತುದಿಗೆ ಕುಡಿಕೆ ಸಿಕ್ಕಿತು, ಹೊಸ ಕುಡಿಕೆ ಮಾಡಿದ. ಕುಡಿಕೆಯೊಳಗೆ ದುಂಬಿ ಸಿಕ್ಕಿತು, ಹೊಸ ದುಂಬಿಗೆ ಹಾಡು ಕಲಿಸಿದ. ಮುಗಿಯಿತೇ? ಕುಡಿಕೆಯ ಕೊರಳಲ್ಲಿ ಇನ್ನೊಂದು ದಾರ ಇತ್ತು. ಅದರ ತುದಿಗೆ ಯಾರು? ಪಾರವ್ವಜ್ಜಿ!

ತುಳಜವ್ವ ಮರಳಿ ಬರುವಾಗ ಹೊತ್ತು ಮುಳುಗುತ್ತಿತ್ತು. ಪಾರವ್ವಜ್ಜಿ ಎಂದಿನಂತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳ ಪಕ್ಕದಲ್ಲಿ ಪಾರವ್ವಜ್ಜಿ ಜೋಳ ಹಸನು ಮಾಡುತ್ತ ಕೂತಿದ್ದಳು.

"ಯಾರವಾ, ತುಳಜಾನ?" ಅಂದಳು ಒಬ್ಬಳು.

"ಯಾರವಾ, ತುಳಜಾನ?" ಅಂದಳು ಇನ್ನೊಬ್ಬಳು.

ಅದೇ ಕೆಮ್ಮು, ಗಲ್ಲದ ಮೇಲೆ ಅದೇ ಮಚ್ಚೆ. ತುಳಜವ್ವ ಇಬ್ಬರ ಕೆನ್ನೆಯನ್ನೂ ಮುಟ್ಟಿ ನೋಡಿದಳು. ಎರಡೂ ಬೆಚ್ಚಗಿದ್ದವು. ಪಾರವ್ವಜ್ಜಿಯ ಮಗ ಮುದುಕಪ್ಪ ಗೋಡೆಗೆ ಒರಗಿ ನಿಂತಿದ್ದ. "ತುಳಜಕ್ಕಾ," ಅಂತ ಪಿಸುಗುಟ್ಟಿದ, "ಇದರಾಗ ನಮ್ಮವ್ವ ಯಾರು?"

ತುಳಜವ್ವ ಮಗನನ್ನು ಎಳೆದು ತಂದಳು. "ಹೇಳೋ! ನೀ ಮಾಡಿದ್ದು ಯಾವಾಕಿನ್ನ?"

"ಒಂದ ಎಳಿ ಹೆಚ್ಚಿಲ್ಲ, ಒಂದ ಎಳಿ ಕಮ್ಮಿ ಇಲ್ಲ. ಈಗ ನನಗ ಹೆಂಗ ತಿಳೀಬೇಕವ್ವಾ?"

ಒಂದು ಕುಡಿಕೆ ಬಿಚ್ಚಿದರೆ ಆಯಿತಲ್ಲ ಅಂತೀರಿ. ಯಾವುದನ್ನು ಬಿಚ್ಚುತ್ತೀರಿ? ತಪ್ಪು ಕುಡಿಕೆ ಬಿಚ್ಚಿದರೆ ಹೆತ್ತ ತಾಯಿಯನ್ನು ಕೊಂದ ಹಾಗೆ. ಯಾರಿಗೂ ಧೈರ್ಯ ಬರಲಿಲ್ಲ. ಇಬ್ಬರಿಗೂ ತಟ್ಟೆ ಇಟ್ಟರು. ಊಟದ ನಡುವೆ ಒಬ್ಬ ಅಜ್ಜಿ ಇನ್ನೊಬ್ಬಳ ತಲೆ ನೇವರಿಸಿ, "ಪಾಪ, ಈಕಿಗೆ ತಾ ಕಟ್ಟಿಗಿ ಅಂತ ಗೊತ್ತ ಇಲ್ಲ" ಅಂದಳು. ಆ ಇನ್ನೊಬ್ಬಳೂ ಅದನ್ನೇ ಅನ್ನಬೇಕೆಂದು ಬಾಯಿ ತೆರೆದಿದ್ದಳು. ಮುದುಕಪ್ಪ ತಟ್ಟೆ ಬಿಟ್ಟು ಎದ್ದ.

"ಅಯ್ಯ ದಡ್ಡಾ! ಏನ್ ಮಾಡಿದ್ಯೋ!"

"ನೀ ಹೇಳಿದಂಗ ಮಾಡೀನವ್ವಾ, ತಪ್ಪೇನು?"

"ಒಂದ ಇದ್ದಲ್ಲಿ ಇನ್ನೊಂದನ್ನ ತಂದು ನಿಲ್ಲಿಸಬ್ಯಾಡೋ! ಇನ್ನ ಮುಂದ ಹೊಸದು ಮಾಡೋದ ಬ್ಯಾಡ. ಇದು ಅದರಂಗ ಆಗಬೇಕು ಅಂದ್ರ, ಇದರ ಕುಡಿಕಿ ಬಿಚ್ಚಿ ಮೊದಲು ತೆರವು ಮಾಡು. ಆಮ್ಯಾಲೆ ಅದರ ಕುಡಿಕಿಗೆ ಕಿವಿ ಹಚ್ಚಿ, ಕೇಳಿದ್ದನ್ನ ಇದಕ್ಕ ತುಂಬು. ಮೊದಲು ತೆರವು, ಆಮ್ಯಾಲೆ ತುಂಬು. ಅನ್ನು!"

"ಮೊದಲು ತೆರವು, ಆಮ್ಯಾಲೆ ತುಂಬು."

ಅಡಿವೆಪ್ಪ ಅದನ್ನೇ ಜಪಿಸುತ್ತ ತಿರುಗಿದ. ಅರ್ಧ ನೀರಿದ್ದ ಕೊಡ ತುಂಬು ಅಂದರೆ ಆ ಅರ್ಧವನ್ನು ಅಂಗಳಕ್ಕೆ ಚೆಲ್ಲಿ ಆಮೇಲೆ ತುಂಬಿದ. ತುಳಜವ್ವನಿಗೆ ನಗು ಬಂತು. ಇಷ್ಟೇ ಆದರೆ ಸಾಕಪ್ಪಾ ಅಂದುಕೊಂಡಳು. ಇನ್ನೊಂದು ಸೋಜಿಗ ಕೇಳಿ. ಗೌಡರ ಕಾವಲು ಗೊಂಬೆಗೆ ವಯಸ್ಸಾಗಿ ಮಂಪರು ಹತ್ತಿತ್ತು. ಅದು ಗಾಣಿಗರ ಮನೆಯ ಗೊಂಬೆಯಂತೆ ಚುರುಕಾಗಲಿ ಅಂದರು ಗೌಡರು. ಅಡಿವೆಪ್ಪ ಹಳೆಯ ದುಂಬಿಯನ್ನು ಹಾರಿಬಿಟ್ಟ, ಗಾಣಿಗರ ಕುಡಿಕೆಗೆ ಕಿವಿ ಹಚ್ಚಿ ಕೇಳಿದ, ಹೊಸ ದುಂಬಿಗೆ ಕಲಿಸಿ ತುಂಬಿದ. ಒಂದಿಷ್ಟೂ ತಪ್ಪಲಿಲ್ಲ! ಊರು ಭಲೆ ಅಂದಿತು. ತುಳಜವ್ವ ಆ ದಿನ ಮಗನಿಗೆ ಹೋಳಿಗೆ ಮಾಡಿ ಉಣಿಸಿದಳು. ಅವಳಿಗೆ ಗೊತ್ತಿರಲಿಲ್ಲ, ಆ ಭಲೆಯೇ ಕುತ್ತಿಗೆಗೆ ಬರುತ್ತದೆ ಅಂತ.

ಗೌಡರು ಓಣಿಯ ಹಿರಿಯರನ್ನು ಕರೆದುಕೊಂಡು ಬಂದರು. ದುಂಡಪ್ಪ ಬಾಯಾಡಿಸುತ್ತ ಬಂದ. ಮುದುಕಪ್ಪ ತಲೆ ತಗ್ಗಿಸಿ ಬಂದ.

"ತುಳಜಕ್ಕಾ, ನಾಳೆ ನೀ ಇಲ್ಲಂದ್ರ ಊರ ಜೀವ ಎಲ್ಲಾ ಇವನ ಕೈಯಾಗ. ನಮಗ ಅಂಜಿಕಿ ಬರ್ತೈತಿ."

"ನನಗೂ ಬರ್ತೈತ್ರಿ ಗೌಡ್ರ. ಏನ್ ಮಾಡ್ಲಿ?"

"ನಿನ್ನ ಅಣ್ಣನ ಮಗ ಗುರುಸಿದ್ಧ ಇಲ್ಲೇ ನಮ್ಮೂರಾಗ ಅದಾನಲ್ಲ, ಎಂಥಾ ಶಾಣ್ಯಾ! ಇವನ್ನ ಅವನಂಗ ಮಾಡಿಬಿಡು. ಮೈ ಇವಂದ ಇರ್ಲಿ, ಒಳಗಿಂದು ಅವಂದ ಆಗ್ಲಿ. ನಾಳೆ ಬೆಳಗಾಗೋದ್ರಾಗ ಮಾಡು. ಇಲ್ಲಾಂದ್ರ ನಮ್ಮ ಕುಡಿಕಿ ನಮಗ ಕೊಟ್ಟು, ತಾಯಿ ಮಗ ಇಬ್ರೂ ಊರು ಬಿಡ್ರಿ."

ಅವರು ಹೋದರು. ತುಳಜವ್ವ ಅಟ್ಟದಿಂದ ಎರಡು ಕುಡಿಕೆ ಇಳಿಸಿದಳು, ಒಂದು ಗುರುಸಿದ್ಧನದು, ಒಂದು ಮಗನದು. ಅಡಿವೆಪ್ಪ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. "ಮೊದಲು ತೆರವು ಮಾಡ್ಲೇನವ್ವಾ?" ಅಂತ ನಗುತ್ತ ಕೇಳಿದ.

"ಸ್ವಲ್ಪ ತಡಿಯೋ."

ಸುಳ್ಳೇಕೆ ಹೇಳಲಿ, ಅವಳಿಗೂ ಆಸೆ ಆಗಿತ್ತು. ಮಗ ಶಾಣ್ಯಾ ಆಗುತ್ತಾನೆ, ನಾನು ಕಣ್ಣು ಮುಚ್ಚಿದರೂ ಬದುಕುತ್ತಾನೆ ಅಂತ ಯಾವ ತಾಯಿಗೆ ಆಸೆ ಆಗುವುದಿಲ್ಲ? ಗುರುಸಿದ್ಧನ ಕುಡಿಕೆಗೆ ಕಿವಿ ಹಚ್ಚಿದಳು. ಎಲ್ಲೂ ತಡವರಿಸದೆ ಸರಾಗವಾಗಿ ಹಾಡುತ್ತಿತ್ತು. ಮಗನ ಕುಡಿಕೆಗೆ ಹಚ್ಚಿದಳು. ಗುಂಯ್ ಅಂದಿತು, ಮರೆತು ನಿಂತಿತು. ಅವಳು ಉಸಿರು ಹಿಡಿದಳು. ಮತ್ತೆ ಗುಂಯ್ ಅಂದಿತು. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು ಅದು. ಅದನ್ನು ಬಿಚ್ಚಿ ಹಾರಿಬಿಡಲು ಅವಳ ಕೈ ಏಳಲಿಲ್ಲ. ಊರು ಬಿಟ್ಟರೆ ಬಿಟ್ಟೆವು ಅಂದುಕೊಂಡಳು.

"ಬ್ಯಾಡೋ ನನ್ನಪ್ಪಾ," ಅಂದಳು, ಅವನ ತಲೆ ಮೇಲೆ ಕೈಯಿಟ್ಟು. "ನೀ ಯಾರಂಗೂ ಆಗಬ್ಯಾಡ. ನೀ ನಿನ್ನಂಗ ಆಗು. ನನಗ ಅಷ್ಟ ಸಾಕು."

"ನನ್ನಂಗ ಆಗ್ಲೇನವ್ವಾ?"

"ಹೂಂ, ನಿನ್ನಂಗ."

ಗುರುಸಿದ್ಧನ ಕುಡಿಕೆಯನ್ನು ಎದೆಗವಚಿಕೊಂಡು ಏಣಿ ಹತ್ತಿದಳು. ಬೆನ್ನ ಹಿಂದೆ ಅವನ ಜಪ ಕೇಳಿಸುತ್ತಿತ್ತು. "ಮೊದಲು ತೆರವು, ಆಮ್ಯಾಲೆ ತುಂಬು." ಬಿಚ್ಚುವ ಕುಡಿಕೆ, ಕಿವಿ ಹಚ್ಚುವ ಕುಡಿಕೆ ಬೇರೆ ಬೇರೆ ಹೌದೋ ಅಲ್ಲವೋ ಮೊದಲು ನೋಡಿಕೋ ಅಂತ ಅವಳು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಅಂಥ ಮಾತು ಹೇಳಬೇಕಾದೀತು ಅಂತ ಯಾರಿಗೆ ಹೊಳೆಯುತ್ತದೆ? ಏಣಿಯ ಮೇಲೆ ಇರುವಾಗಲೇ ಬಟ್ಟೆ ಬಿಚ್ಚಿದ ಸದ್ದು ಕೇಳಿತು. ತಿರುಗಿ ನೋಡಿದಳು.

ಅಡಿವೆಪ್ಪ ತನ್ನ ಕುಡಿಕೆಯ ಬಾಯಿ ಬಿಚ್ಚಿ, ಅದಕ್ಕೇ ಕಿವಿ ಹಚ್ಚಿಕೊಂಡು ಕೂತಿದ್ದ. ದುಂಬಿ ಅವನ ತಲೆಯ ಸುತ್ತ ತಿರುಗುತ್ತಿತ್ತು.

"ಯವ್ವಾ, ತೆರವು ಮಾಡೀನಿ. ಈಗ ಯಾರನ್ನ ಕೇಳಿ ತುಂಬಲಿ? ಒಳಗ ನಾ ಇಲ್ಲ."

ದುಂಬಿ ಬೆಳಕಿಂಡಿಯ ಕಡೆ ಹಾರಿತು. "ಹೋಗಬ್ಯಾಡೋ! ಅಲ್ಲೇ ನಿಲ್ಲೋ!" ಅಂತ ತುಳಜವ್ವ ಕಿರುಚಿಕೊಂಡಳು. ಅಷ್ಟರಲ್ಲಿ ಅದು ಹೊರಗೆ ದಾಟಿತ್ತು. ಕೆಳಗಿಳಿದು ಓಡಿದಳು, ಹಿತ್ತಲು ದಾಟಿದಳು, ಹೊಲದ ಬದುವಿನಲ್ಲಿ ಎಡವುತ್ತ ಹುಡುಕಿದಳು. ದೀಪ ಹಚ್ಚುವ ಹೊತ್ತು. ಊರಿಗೆ ಊರೇ ಗುಂಯ್‌ಗುಡುತ್ತಿತ್ತು. ಜೊತೆಗೆ ಅವಳದೇ ಅಳು. ಅದರಲ್ಲಿ ಒಂದು ದನಿ ಎಲ್ಲಿ ಕೇಳಬೇಕು?

ಮರಳಿ ಬಂದಾಗ ಅಡಿವೆಪ್ಪ ಹಾಗೇ ಕೂತಿದ್ದ. ಮೈ ಬೆಚ್ಚಗಿತ್ತು, ಕಣ್ಣು ತೆರೆದಿದ್ದವು. ತುಟಿಯ ಮೇಲೆ ಹೇಳಿದ ಕೆಲಸ ಮಾಡಿದವನ ನಗು. ಒಳಗೆ ಯಾರೂ ಇರಲಿಲ್ಲ.

ತುಳಜವ್ವ ಹೊಸ ದುಂಬಿಯೊಂದನ್ನು ಹಿಡಿದಳು. ಮಗನ ಹಾಡು ತನಗೆ ಬಾಯಿಪಾಠವಲ್ಲವೇ, ಕಲಿಸುತ್ತೇನೆ ಅಂದುಕೊಂಡಳು. ಗುಂಯ್ ಅಂದಳು, ದುಂಬಿ ಗುಂಯ್ ಅಂದಿತು. ಅವಳು ನಿಂತಳು, ದುಂಬಿ ನಿಲ್ಲಲಿಲ್ಲ. ಹಾಡುವುದನ್ನು ಕಲಿಸಬಹುದು, ಮರೆಯುವುದನ್ನು ಹೇಗೆ ಕಲಿಸುವುದು? ಎಷ್ಟು ಸಲ ಮಾಡಿದರೂ ಅದು ಬೇರೆ ಯಾರದೋ ಮಗ. ಕಡೆಗೆ ಅದನ್ನು ಬಿಟ್ಟುಬಿಟ್ಟಳು.

ಆಮೇಲೆ ಅವಳು ಏನು ಮಾಡಿದಳು ಹೇಳಲೇ? ಅಟ್ಟ ಹತ್ತಿ ತನ್ನ ಕುಡಿಕೆಯನ್ನೇ ಇಳಿಸಿದಳು. ಅದರ ಕೊರಳಿನ ದಾರದಿಂದ ಒಂದು ಎಳೆ ಬಿಡಿಸಿದಳು. ಮಗನ ಸೊಂಟಕ್ಕೆ ಕಟ್ಟಿದಳು. ಮೈ ಎರಡು, ದುಂಬಿ ಒಂದು. ಯಾವ ತಪ್ಪಿಗೆ ಮಗನನ್ನು ಮೊದಲ ಸಲ ದಡ್ಡಾ ಅಂತ ಬೈದಿದ್ದಳೋ, ಅದೇ ತಪ್ಪನ್ನು ಗೊತ್ತಿದ್ದೂ ಗೊತ್ತಿದ್ದೂ ತಾನೇ ಮಾಡಿದ ದಡ್ಡಿ.

ಅಡಿವೆಪ್ಪನ ಕಣ್ಣು ಅಲುಗಿತು. ಅವಳ ಎದೆ ತುಂಬಿ ಬಂತು. "ಅಯ್ಯ ದಡ್ಡಾ! ಏನ್ ಮಾಡಿದ್ಯೋ!" ಅಂದಳು. ಅದೇ ಹೊತ್ತಿಗೆ, ಅದೇ ಮಾತನ್ನು, ಅವಳ ಮುಖ ನೋಡುತ್ತ ಅಡಿವೆಪ್ಪನೂ ಅಂದ. ಅವಳು ಅತ್ತಳು, ಅವನೂ ಅತ್ತ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ಸೆರಗಿಲ್ಲದ ಅವನ ಕೈಯೂ ಬಾಯಿಗೆ ಹೋಯಿತು.

ಬೆಳಗ್ಗೆ ಗೌಡರು ಬಂದರು. "ಏನವಾ, ಗುರುಸಿದ್ಧನಂಗ ಆದ್ನೇನು?"

"ಇಲ್ರೀ ಗೌಡ್ರ" ಅಂದವು ಎರಡೂ ಬಾಯಿ ಒಟ್ಟಿಗೆ. ಗೌಡರು ಹೊಸ್ತಿಲು ದಾಟಲಿಲ್ಲ. ಊರು ಬಿಡಿ ಅಂತ ಯಾರೂ ಮತ್ತೆ ಅನ್ನಲಿಲ್ಲ.

ಅವಳು ಉಳಿ ಹಿಡಿದರೆ ಅವನ ಕೈ ಆಡುತ್ತದೆ. ಅವಳಿಗೆ ಚಳಿ ಹತ್ತಿದರೆ ಅವನು ನಡುಗುತ್ತಾನೆ. ಸಂಜೆಯಾದರೆ ಹಳೆಯ ರೂಢಿಯಂತೆ ತುಳಜವ್ವನ ಬಾಯಿಂದ ಅದೇ ಮಾತು ಬರುತ್ತದೆ, "ನಾ ಸತ್ತರ ನಿನ್ನ ಗತಿ ಏನೋ?" ಎದುರಿಗೆ ಕೂತವನೂ ಕೇಳುತ್ತಾನೆ, "ನಾ ಸತ್ತರ ನಿನ್ನ ಗತಿ ಏನೋ?" ಮೊದಲು "ನೀ ಸಾಯಬ್ಯಾಡವ್ವಾ" ಅನ್ನುವವನೊಬ್ಬನಿದ್ದ. ಈಗ ಕೇಳುವ ಬಾಯಿ ಎರಡು, ಉತ್ತರ ಹೇಳುವವರು ಯಾರೂ ಇಲ್ಲ.

ಇನ್ನು ಹೂಂ ಅನ್ನುವುದನ್ನು ನಿಲ್ಲಿಸಿ. ನಿಲ್ಲಿಸಿದಿರಾ? ಈಗ ಕೇಳಿಸುತ್ತದೆ ನೋಡಿ. ಬೆಳಕಿಂಡಿಯಿಂದ ಆಚೆ, ಕೈಯಳತೆಯಲ್ಲೇ, ಕತ್ತಲಲ್ಲಿ ಒಂದು ದುಂಬಿ ಗುಂಯ್ ಅನ್ನುತ್ತದೆ, ಮರೆತು ನಿಲ್ಲುತ್ತದೆ, ಮತ್ತೆ ಗುಂಯ್ ಅನ್ನುತ್ತದೆ. ಅವನು ಎಲ್ಲಿಗೂ ಹೋಗಿಲ್ಲ. ಅವ್ವ ಅಲ್ಲೇ ನಿಲ್ಲು ಅಂದಿದ್ದಳಲ್ಲ, ಅಲ್ಲೇ ನಿಂತಿದ್ದಾನೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಅವನಿಗೆ "ಒಳಗ ಬಾ" ಅಂತ ಹೇಳಿ. ಅಷ್ಟೇ ಹೇಳಿ, ಹೆಚ್ಚಿಗೆ ಏನೂ ಹೇಳಬೇಡಿ.